ರೋಮನರು ಬಾರದ ಊರಿನಿಂದ ಒಂದು ಪಾಠ

"ಐರ್ಲೆಂಡಿಗೆ ರೋಮನರು ಬರಲೇ ಇಲ್ಲ ಕಣಮ್ಮ."

ನಮ್ಮತ್ತೆ ಈ ಮಾತು ಹೇಳಿದ್ದು ಡಬ್ಲಿನ್ ಹೊರವಲಯದ ಲೂಕನ್‌ನ ನಮ್ಮ ಅಡುಗೆಮನೆಯಲ್ಲಿ, ಪಾಲಕ್ ಸೊಪ್ಪು ಬಿಡಿಸುತ್ತಾ. "ಪಕ್ಕದ ಬ್ರಿಟನ್ನಿಗೆ ಬಂದ್ರು. ರಸ್ತೆ ಹಾಕಿದ್ರು, ಗೋಡೆ ಕಟ್ಟಿದ್ರು, ಸ್ನಾನಕ್ಕೆ ಬಿಸಿನೀರಿನ ಮನೆ ಕಟ್ಟಿಕೊಂಡ್ರು. ಆದ್ರೆ ಈ ಚೂರು ಸಮುದ್ರ ದಾಟಲಿಲ್ಲ. ಯಾಕೆ, ಹೇಳು ನೋಡಾಣ?" ಎಂದು ಸೊಪ್ಪಿನ ದಂಟನ್ನು ಸೀಮೆಸುಣ್ಣದ ಹಾಗೆ ಹಿಡಿದು ನನ್ನ ಉತ್ತರಕ್ಕೆ ಕಾದರು.

ನಾನು ನಗರದ ಇನ್ನೊಂದು ತುದಿಯ ಸ್ಯಾಂಡಿಫರ್ಡ್‌ನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಇತಿಹಾಸವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಹೊರಬಂದ ದಿನವೇ ಬಿಟ್ಟಿದ್ದೆ. "ಚಳಿಗೆ ಹೆದರಿರಬೇಕು ಅತ್ತೆ" ಅಂದೆ.

ಅವರು ಜೋರಾಗಿ ನಕ್ಕರು. "ಇದ್ರೂ ಇರಬಹುದು. ಯಾಕೆ ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲ."

ಅತ್ತೆ ಚಿತ್ರದುರ್ಗದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾಗಿದ್ದವರು. ಎಂಟನೇ ಕ್ಲಾಸಿಗೆ ಪ್ರತಿವರ್ಷ ರೋಮ್ ಪಾಠ. ಪುಸ್ತಕದಲ್ಲಿ ರೋಮಿನ ರಂಗಸ್ಥಳದ ಚಿತ್ರ ಬೆಂಕಿಪೊಟ್ಟಣದಷ್ಟು ಸಣ್ಣದಿತ್ತಂತೆ, ಅದೂ ಮಸಿ ಹರಡಿದ ಕಪ್ಪು ಬಿಳುಪು. ಅದನ್ನೇ ಬೋರ್ಡಿನ ತುಂಬ ದೊಡ್ಡದಾಗಿ ಬರೆದು ತೋರಿಸುತ್ತಿದ್ದರಂತೆ. ಅವರು ರಿಟೈರಾದ ಮೇಲೆ ನನ್ನ ಗಂಡ, ಅಂದರೆ ಅವರ ಒಬ್ಬನೇ ಮಗ, ಅಮ್ಮನಿಗೆ ರೋಮ್ ತೋರಿಸಿಯೇ ತೀರಬೇಕು ಎಂದು ಹಟ ಹಿಡಿದಿದ್ದ. 2020ರ ಏಪ್ರಿಲ್‌ಗೆ ಟಿಕೆಟ್ ಮಾಡಿಸಿ, ಫೆಬ್ರವರಿಯಲ್ಲೇ ಅವರನ್ನು ಡಬ್ಲಿನ್‌ಗೆ ಕರೆಸಿಕೊಂಡೆವು. ರೋಮ್‌ನಲ್ಲಿ ಏನೇನು ನೋಡುವುದೆಂದು ಗೊತ್ತುಮಾಡುವ ಕೆಲಸ ನನ್ನದು. ಅದರಲ್ಲಿ ಒಂದು ದಿನದ ಪ್ರವಾಸ ಅವರಿಗೆ ಬಹಳ ಹಿಡಿಸಿತ್ತು: ಬೆಳಿಗ್ಗೆ ನಗರದಾಚೆ ಹಳೆಯ ಬಂದರು ಪಟ್ಟಣದ ಅವಶೇಷ, ಮಧ್ಯಾಹ್ನ ಬೆಟ್ಟದ ಮೇಲಿನ ದ್ರಾಕ್ಷಿತೋಟವೊಂದರಲ್ಲಿ ಊಟ. "ಅಲ್ಲ, ವೈನ್ ಮಾಡೋ ಜಾಗದಲ್ಲಿ ನನ್ನಂಥೋಳಿಗೆ ಏನ್ ಊಟ ಹಾಕ್ತಾರೆ?" ಎಂದು ಕೇಳುತ್ತಲೇ, ಉಡಲು ಯಾವ ಸೀರೆ ಎಂದು ಎತ್ತಿಟ್ಟುಕೊಂಡಿದ್ದರು.

ಮಾರ್ಚಿನಲ್ಲಿ ಟಿವಿ ಹಾಕಿದರೆ ಇಟಲಿ, ಆದರೆ ಬೇರೆಯದೇ ಇಟಲಿ. ಆಸ್ಪತ್ರೆಗಳು, ಖಾಲಿ ಬೀದಿಗಳು. ಟಿಕೆಟ್ ರದ್ದಾಯಿತು. ಆಮೇಲೆ ಇಂಡಿಯಾಕ್ಕೆ ವಿಮಾನವೂ ನಿಂತಿತು. ಮೂರು ತಿಂಗಳಿಗೆ ಬಂದವರು ನಮ್ಮ ಸಣ್ಣ ಮನೆಯಲ್ಲಿ ಉಳಿದುಬಿಟ್ಟರು; ವಿಮಾನ ಮತ್ತೆ ಶುರುವಾದ ಮೇಲೂ ಸೋಂಕಿನ ಭಯಕ್ಕೆ ನಾವು ಕಳಿಸಲಿಲ್ಲ. ವೀಸಾವನ್ನು ಇಲ್ಲಿಯ ಸರ್ಕಾರ ತಾನಾಗಿಯೇ ಮುಂದಕ್ಕೆ ಹಾಕುತ್ತಾ ಹೋಯಿತು. ಮೊದಲು ಮನೆಯಿಂದ ಎರಡು ಕಿಲೋಮೀಟರ್ ದಾಟುವಂತಿರಲಿಲ್ಲ, ಆಮೇಲೆ ಅದು ಐದಾಯಿತು. ನನ್ನ ಗಂಡ ಮಹಡಿಯ ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪಿನ ಮುಂದೆ, ನಾನು ಕೆಳಗೆ ಊಟದ ಮೇಜಿನ ಮುಂದೆ. ಅತ್ತೆಗೆ ಕೊಟ್ಟಿದ್ದು ಮೆಟ್ಟಿಲ ತುದಿಯ ಪುಟ್ಟ ಕೋಣೆ. ಒಂದು ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ಅವರು ಬೇಜಾರಿನಲ್ಲಿ ಕುಗ್ಗುತ್ತಾರೆ ಎಂದು ನಾನು ಹೆದರಿದ್ದೆ. ಹಾಗಾಗಲಿಲ್ಲ. ಊರಲ್ಲಿ ಶಾಲೆಗಳು ಮುಚ್ಚಿದ್ದವಲ್ಲ, ಅವರ ಶಾಲೆಯ ಈಗಿನ ಹೆಡ್ ಮೇಡಂ ಒಂದು ದಿನ ಫೋನ್ ಮಾಡಿ, "ಮಕ್ಕಳಿಗೆ ವಿಡಿಯೋ ನೋಡೋಕೆ ಡೇಟಾ ಸಾಲಲ್ಲ ಮೇಡಂ. ನೀವು ಬರೀ ಧ್ವನೀಲಿ ಪಾಠ ಮಾಡಿ ಕಳಿಸ್ತೀರಾ?" ಎಂದು ಕೇಳಿದರು. ಮರುದಿನದಿಂದಲೇ ಅತ್ತೆ ಶುರುಮಾಡಿದರು. ನಮ್ಮ ಮೀಟಿಂಗುಗಳು ಆರಂಭವಾಗುವ ಮೊದಲೇ ಆ ಪುಟ್ಟ ಕೋಣೆಯ ಬಾಗಿಲು ಹಾಕಿಕೊಂಡು, ದುಪ್ಪಟಿ ಹೊದ್ದು, ಫೋನನ್ನು ಬಾಯಿಯ ಹತ್ತಿರ ಹಿಡಿದು ಪಾಠ ಹೇಳುತ್ತಿದ್ದರು. ದುಪ್ಪಟಿ ಯಾಕೆಂದರೆ ಅದರೊಳಗೆ ಕೂತರೆ ಧ್ವನಿ ಗುಂಯ್ಗುಡುವುದಿಲ್ಲವಂತೆ, ಅದನ್ನು ಅವರೇ ಕಂಡುಕೊಂಡಿದ್ದರು.

ನಾನು ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತು ಕೇಳುತ್ತಿದ್ದೆ. ಚಿತ್ರವಿಲ್ಲ, ಬೋರ್ಡಿಲ್ಲ, ಆದರೂ ಕಣ್ಣಿಗೆ ಕಾಣುತ್ತಿತ್ತು. ನೈಲ್ ನದಿಯ ನೆರೆ ಇಳಿದ ಮೇಲೆ ಉಳಿಯುವ ಕಪ್ಪು ಮಣ್ಣನ್ನು ಅವರು ಹೇಳಿದರೆ ನನ್ನ ಬೆರಳಿಗೆ ಮಣ್ಣು ಅಂಟಿದ ಹಾಗಾಗುತ್ತಿತ್ತು. ಎಷ್ಟೋ ದಿನ ನನ್ನ ಮೊದಲ ಮೀಟಿಂಗಿಗೆ ತಡವಾಗಿ ಹೋಗಿದ್ದೇನೆ.

ಒಂದು ಪಾಠವನ್ನು ಮಾತ್ರ ಅವರು ಮುಂದೂಡುತ್ತಲೇ ಬಂದರು. ಶಾಲೆ ಮುಚ್ಚಿದ ಮೊದಲ ವರ್ಷದ ಮಕ್ಕಳಿಗೆ ರೋಮ್ ಪಾಠವನ್ನು ಬೇರೆ ಟೀಚರ್ ಮಾಡಿ ಮುಗಿಸಿದರು. ಎರಡನೇ ವರ್ಷದ ಮಕ್ಕಳ ಸರದಿ ಬಂದಾಗ ಹೆಡ್ ಮೇಡಂ ನೆನಪಿಸಿದರು. "ನೋಡಿ ಬಂದು ಹೇಳ್ತೀನಿ ಅಂದ್ಕಂಡಿದ್ದೆ. ಈಗ ಅದೇ ಹಳೇ ಪಾಠ ಒಪ್ಪಿಸೋಕೆ ಮನಸ್ಸೇ ಬರ್ತಿಲ್ಲ" ಎಂದರು ಅತ್ತೆ. ದೂರುವ ಧಾಟಿಯೇನೂ ಇರಲಿಲ್ಲ. ಅಷ್ಟು ಹೇಳಿ ಒಗ್ಗರಣೆಗೆ ಸಾಸಿವೆ ಹಾಕಿದರು.

ಆ ವಾರ ಆಫೀಸಿನ ವಿಡಿಯೋ ಕರೆಯಲ್ಲಿ ಮಾತಿನ ನಡುವೆ ಈ ವಿಷಯ ಬಂತು. ನನ್ನ ಟೀಮಿನ ಒಬ್ಬ ಡಬ್ಲಿನ್ನಿನ ಉತ್ತರಕ್ಕಿರುವ ಕಡಲತೀರದವನು. "ರೋಮನರು ಬೇಕಾ? ನಮ್ಮೂರ ಪಕ್ಕ ಒಂದು ಹೊಲ ಇದೆ" ಎಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತಮಾಷೆಯಲ್ಲ. ಲಾಕ್‌ಶಿನ್ನಿ ಎಂಬ ಸಣ್ಣ ಮೀನುಗಾರರ ಊರಿನ ಪಕ್ಕ ಸಮುದ್ರಕ್ಕೆ ಚಾಚಿದ ಒಂದು ಎತ್ತರದ ನೆಲ, ಹೆಸರು ಡ್ರಮಾನಾ. ಅಲ್ಲಿ ರೋಮನ್ ಕಾಲದ ನಾಣ್ಯ, ಆಭರಣ, ಮಡಕೆಯ ಚೂರು ಸಿಕ್ಕಿವೆಯಂತೆ. ರೋಮನರೇ ಬಂದಿದ್ದರೋ, ಬರೀ ಅವರ ಸಾಮಾನು ಬಂದಿತ್ತೋ ಎಂದು ಬಲ್ಲವರು ಇನ್ನೂ ವಾದ ಮಾಡುತ್ತಿದ್ದಾರಂತೆ. "ಆದರೆ ಮೊದಲೇ ಹೇಳಿಬಿಡ್ತೀನಿ, ನೋಡೋಕೆ ಏನೂ ಇಲ್ಲ. ಬರೀ ಹುಲ್ಲು" ಎಂದ.

ಅಲ್ಲೇ ಸ್ವಲ್ಪ ಒಳಗೆ ದ್ರಾಕ್ಷಿತೋಟವೊಂದಿದೆ ಎಂದೂ ಅವನೇ ಹೇಳಿದ್ದು. ಐರ್ಲೆಂಡಿನಲ್ಲಿ ದ್ರಾಕ್ಷಿಯೇ ಎಂದು ನಾನು ಬಾಯಿ ಬಿಟ್ಟೆ. ಇದೆ, ಒಬ್ಬ ಹೆಂಗಸು ಬೆಳೆಸುತ್ತಾಳೆ, ಹೊರಗೆ ಕೂತು ಉಣ್ಣಲು ಅನುಮತಿ ಸಿಕ್ಕಿರುವುದರಿಂದ ಈಗ ಶನಿವಾರ ಕೆಲವರಿಗೆ ಊಟವನ್ನೂ ಹಾಕುತ್ತಾಳೆ ಎಂದ. ಕರೆ ಮುಗಿದ ತಕ್ಷಣ ಅವಳಿಗೆ ಫೋನ್ ಮಾಡಿ ಮೂರು ಜನಕ್ಕೆ ಜಾಗ ಹೇಳಿದೆ. ಹಳೆಯ ಅವಶೇಷ, ದ್ರಾಕ್ಷಿತೋಟದ ಊಟ. ರೋಮ್ ನಮಗೆ ಸಿಗದಿದ್ದರೆ ಬೇಡ, ಆ ಒಂದು ದಿನವಾದರೂ ಸಿಗಲಿ ಅನ್ನಿಸಿತ್ತು.

ಸುದ್ದಿ ಕೇಳಿ ಅತ್ತೆ ಎತ್ತಿಟ್ಟಿದ್ದ ಸೀರೆಯನ್ನು ಹೊರತೆಗೆದರು. ಆಮೇಲೆ "ಪಾಠ ಅಲ್ಲೇ ಮಾಡ್ತೀನಿ" ಎಂದರು.

2021ರ ಆಗಸ್ಟಿನ ಒಂದು ಶನಿವಾರ ಹೊರಟೆವು. ಎತ್ತಿಟ್ಟಿದ್ದ ನೇರಳೆ ಬಣ್ಣದ ಇಳಕಲ್ ಸೀರೆ, ಅದರ ಮೇಲೆ ನನ್ನ ಗಂಡನ ಮಳೆ ಜಾಕೆಟ್, ಕಾಲಿಗೆ ನನ್ನ ಓಟದ ಶೂ. ಕಾರಿನಲ್ಲಿ ಅತ್ತೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಪಾಠ ಜೋಡಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಗಿ ನಾವು ರೇಡಿಯೋ ಆಫ್ ಮಾಡಿದೆವು.

ಲಾಕ್‌ಶಿನ್ನಿಯ ಪುಟ್ಟ ಬಂದರಿನಲ್ಲಿ ಕಾರು ನಿಲ್ಲಿಸಿ, ಬಂಡೆಗಳ ಮೇಲಿನ ಕಾಲುದಾರಿ ಹಿಡಿದೆವು. ಆ ಬಂಡೆಗಳನ್ನೂ ಹೇಳಬೇಕು. ಕಲ್ಲಿನ ಪದರಗಳು ನೆಟ್ಟಗೆ ಮಲಗಿರದೆ ಸೀರೆಯ ನೆರಿಗೆಯಂತೆ ಮಡಚಿಕೊಂಡಿದ್ದವು. ಅತ್ತೆ ನಿಂತು ನೋಡಿ, "ಇದನ್ನ ಭೂಗೋಳದ ಪಾಠಕ್ಕೆ ಇಟ್ಕಳಾಣ" ಎಂದರು. ಹಾಗೇ ಮುಂದೆ ಹೋದರೆ ಡ್ರಮಾನಾ.

ನನ್ನ ಸಹೋದ್ಯೋಗಿ ಸುಳ್ಳು ಹೇಳಿರಲಿಲ್ಲ. ಹುಲ್ಲು, ಮುಳ್ಳುಪೊದೆ, ಜರೀಗಿಡ. ಒಂದು ಕಡೆ ಎಂದೋ ಫ್ರೆಂಚರು ದಾಳಿ ಮಾಡಿಯಾರು ಎಂದು ಹೆದರಿ ಕಟ್ಟಿದ ದುಂಡನೆಯ ಕಾವಲು ಗೋಪುರ, ಅದಕ್ಕೂ ರೋಮನರಿಗೂ ಸಂಬಂಧವಿಲ್ಲ. ನೆಲಕ್ಕೆ ಅಡ್ಡಲಾಗಿ ಮಣ್ಣಿನ ದಿಬ್ಬ ಮತ್ತು ಕಂದಕದ ಸಾಲುಗಳಿದ್ದವು, ಹೇಳದಿದ್ದರೆ ಗೊತ್ತೇ ಆಗದಷ್ಟು ಹುಲ್ಲಿನಿಂದ ಮುಚ್ಚಿಹೋಗಿದ್ದವು. ಒಂದು ಕಂಬವಿಲ್ಲ, ಒಂದು ಇಟ್ಟಿಗೆಯಿಲ್ಲ.

"ಏನೂ ಇಲ್ಲ ಕಣಮ್ಮಾ ಇಲ್ಲಿ" ಎಂದ ನನ್ನ ಗಂಡ. ಅವನ ಮುಖ ಇಳಿದುಹೋಗಿತ್ತು. ತೋರಿಸುತ್ತೇನೆಂದಿದ್ದು ಏನು, ಕರೆತಂದಿದ್ದು ಎಲ್ಲಿಗೆ ಎಂದು ಅವನಿಗೆ ಅನ್ನಿಸಿರಬೇಕು.

"ಏನೂ ಇಲ್ವಾ? ಕೈ ಕೊಡು" ಎಂದರು ಅತ್ತೆ.

ಮಂಡಿನೋವಿನವರು, ಮನೆಯ ಮೆಟ್ಟಿಲನ್ನೇ ಒಂದೊಂದಾಗಿ ಇಳಿಯುವವರು, ಮಗನ ಕೈ ಹಿಡಿದು ಆ ದಿಬ್ಬ ಹತ್ತಿಬಿಟ್ಟರು. ಮೇಲೆ ನಿಂತು ಸೆರಗು ಬಿಗಿದು ಸುತ್ತ ನೋಡಿದರು. ಮೂರು ಕಡೆ ಸಮುದ್ರ. ತೆಂಕಣ ದಿಕ್ಕಿನಲ್ಲಿ ಒಂದು ದ್ವೀಪ. "ಇಲ್ನೋಡು. ಮೂರು ಕಡೆ ನೀರು, ನಾಲ್ಕನೇ ಕಡೆ ಈ ಕಂದಕ. ನೆಲದ ಕಡೆಯಿಂದ ಯಾರೂ ಬರೋ ಹಂಗಿಲ್ಲ, ಸಮುದ್ರದ ಕಡೆಯಿಂದ ದೋಣಿ ಬರಬಹುದು. ಅಂದ್ರೆ ಏನು? ಇಲ್ಲಿದ್ದೋರಿಗೆ ನೆಲದೋರ ಮೇಲೆ ನಂಬಿಕೆ ಇರಲಿಲ್ಲ, ದೋಣಿಯೋರ ಮೇಲೆ ಇತ್ತು. ವ್ಯಾಪಾರದ ಜಾಗ ಕಣೋ ಇದು!" ಎಂದು ಮಗನಿಗೆ ಹೇಳಿದರು. ಅವನು ತಲೆ ಎತ್ತಿ ಆ ನೆಲವನ್ನು ಮತ್ತೊಮ್ಮೆ ನೋಡಿದ. ನಾನೂ ನೋಡಿದೆ. ಹುಲ್ಲು ಹಾಗೇ ಇತ್ತು, ಆದರೆ ಈಗ ಅದರ ಮೇಲೆ ದೋಣಿ ಇಳಿದು ಬರುವ ಜನ ಕಾಣತೊಡಗಿದರು.

ಅಲ್ಲೇ ನಿಂತು ಫೋನ್ ಬಾಯಿಯ ಹತ್ತಿರ ಹಿಡಿದು ಪಾಠ ಶುರುಮಾಡಿದರು. ಅವತ್ತಿನ ಆ ಪಾಠವನ್ನು ನಾನು ಸಾಯುವ ತನಕ ಮರೆಯಲಾರೆ. "ಮಕ್ಕಳೇ, ನಾನೀಗ ನಿಂತಿರೋದು ರೋಮ್ ಮುಗಿಯೋ ಜಾಗದಲ್ಲಿ" ಎಂದು ಆರಂಭಿಸಿದರು. ರೋಮ್ ಎಲ್ಲಿ ಹುಟ್ಟಿತು ಎಂದು ಎಲ್ಲರೂ ಹೇಳುತ್ತಾರೆ, ನಾನು ಅದು ಎಲ್ಲಿ ನಿಂತಿತು ಎಂದು ಹೇಳುತ್ತೇನೆ ಎಂದರು. ಅದರ ಸೈನ್ಯ ಎಲ್ಲಿ ನಿಂತಿತೋ ಅಲ್ಲಿಂದ ಮುಂದಕ್ಕೂ ಅದರ ನಾಣ್ಯ ಹೋಯಿತು ಎಂದರು. ಪಶ್ಚಿಮಕ್ಕೆ ಈ ಐರ್ಲೆಂಡಿನ ದಡಕ್ಕೆ ಬಂತು. ಪೂರ್ವಕ್ಕೆ ಎಲ್ಲಿಗೆ ಹೋಯಿತು? "ನೀವೆಲ್ಲ ಈಜೋಕೆ ಅಂತ ಮನೇಲಿ ಹೇಳದೆ ಹೋಗ್ತೀರಲ್ಲ, ಅದೇ ಚಂದ್ರವಳ್ಳಿಗೆ! ಅಲ್ಲಿ ಮಣ್ಣು ಅಗೆದಾಗ ರೋಮನ್ ನಾಣ್ಯ ಸಿಕ್ಕೈತೆ. ಈ ಕಡೆ ತುದೀಲಿ ನಾನು ನಿಂತಿದೀನಿ, ಆ ಕಡೆ ತುದೀಲಿ ನೀವು ಕೂತಿದೀರಿ. ನಡುವೆ ಇರೋದೇ ರೋಮ್."

ನನ್ನ ಗಂಡ ಬೇರೆ ಕಡೆ ತಿರುಗಿ ಸಮುದ್ರ ನೋಡುತ್ತಿದ್ದ. ಅಮ್ಮನ ಪಾಠವನ್ನು ಅವನು ಎಂದೂ ಕೇಳಿರಲಿಲ್ಲವಂತೆ. ಅವನನ್ನು ಬೇರೆ ಶಾಲೆಗೆ ಸೇರಿಸಿದ್ದರು.

ದಿಬ್ಬ ಇಳಿದು ಕಾರಿಗೆ ಬಂದು, ಹೇಗೆ ಬಂದಿದೆ ನೋಡೋಣ ಎಂದು ಫೋನ್ ಒತ್ತಿದೆವು. ಬರ್ರ್ ಎಂಬ ಸದ್ದು. ಬರೀ ಗಾಳಿ. ಅದರೊಳಗೆ ಎಲ್ಲೋ ಆಳದಲ್ಲಿ "ಮಕ್ಕಳೇ" ಎಂದು ಒಮ್ಮೆ ಕೇಳಿತು, ಮತ್ತೆ ಬರ್ರ್. ಕೊನೆಯತನಕ ಅಷ್ಟೇ. ನನ್ನ ಗಂಡ ಹೆಡ್‌ಫೋನ್ ಹಾಕಿ ಕೇಳಿದ, ಯಾವುದೋ ಆ್ಯಪಿನಲ್ಲಿ ಗಾಳಿ ತೆಗೆಯಲು ನೋಡಿದ. ಆಗಲಿಲ್ಲ.

ಅತ್ತೆ ಫೋನನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದರು. "ಹೋಗ್ಲಿ ಬಿಡು" ಎಂದರು. ಮತ್ತೆ ಹತ್ತಿ ಹೋಗೋಣವೇ ಎಂದು ನಾನು ಕೇಳಲಿಲ್ಲ. ಅವರು ಮಂಡಿ ಒತ್ತಿಕೊಳ್ಳುವುದು ಕಾಣುತ್ತಿತ್ತು. ಗಾಳಿಯೂ ಜೋರಾಗುತ್ತಿತ್ತು. ಊಟದ ಹೊತ್ತಾಗಿದೆ ಎಂದು ಹೊರಟೆವು.

ಆಲೂಗಡ್ಡೆ, ಕೋಸಿನ ಹೊಲಗಳ ನಡುವಿನ ಕಿರಿದಾದ ರಸ್ತೆಯ ಕೊನೆಯಲ್ಲಿ ದ್ರಾಕ್ಷಿತೋಟ. ಇಟಲಿಯ ಫೋಟೋಗಳಲ್ಲಿ ಕಾಣುವ ಬೆಟ್ಟದ ಇಳಿಜಾರಲ್ಲ, ಸಪಾಟು ನೆಲ. ಗಾಳಿ ತಡೆಯಲು ಸುತ್ತ ಎತ್ತರದ ಮರಗಳು, ನಡುವೆ ತಂತಿಗೆ ಕಟ್ಟಿದ ಬಳ್ಳಿಯ ಸಾಲುಗಳು, ಪಕ್ಕದಲ್ಲಿ ಹಳೆಯ ಗಾಜಿನ ಮನೆ. ಸೇಬಿನ ಮರಗಳ ಕೆಳಗೆ ದೂರ ದೂರಕ್ಕೆ ಹಾಕಿದ ನಾಲ್ಕಾರು ಮೇಜು. ಮಾಸ್ಕ್ ಹಾಕಿಕೊಂಡ ಅರವತ್ತರ ಆಸುಪಾಸಿನ ಹೆಂಗಸು ರಬ್ಬರ್ ಬೂಟಿನಲ್ಲೇ ನಮ್ಮನ್ನು ಎದುರುಗೊಂಡಳು. ಅತ್ತೆಯ ಸೀರೆಯನ್ನು ನೋಡಿ, "ನಮ್ಮ ದ್ರಾಕ್ಷಿ ಹಣ್ಣಾದ ಮೇಲೆ ಇದೇ ಬಣ್ಣ. ಆದರೆ ಹಣ್ಣಾಗಬೇಕಲ್ಲ!" ಎಂದು ನಕ್ಕಳು. ನಾನು ಕನ್ನಡಕ್ಕೆ ತಿರುಗಿಸಿ ಹೇಳುವ ಮೊದಲೇ ಅತ್ತೆಯೂ ನಕ್ಕರು. ಇಂಗ್ಲಿಷ್ ಅವರಿಗೆ ಅರ್ಥವಾಗುತ್ತದೆ. ಮಾತಾಡಲು ಮಾತ್ರ ಸಂಕೋಚ.

ಬೆಳೆಗಾರ್ತಿಯ ಗಂಡನ ಕಡೆಯವರು ತಲೆತಲಾಂತರದಿಂದ ಗಾಜಿನ ಮನೆಯಲ್ಲಿ ಟೊಮ್ಯಾಟೊ ಬೆಳೆಯುತ್ತಿದ್ದವರಂತೆ. ಟೊಮ್ಯಾಟೊ ಹೊರದೇಶದಿಂದ ಅಗ್ಗಕ್ಕೆ ಬರತೊಡಗಿದ ಮೇಲೆ ಆ ಬೇಸಾಯ ನಿಂತಿತು. ಆಗ ಇವಳು ಬಯಲಲ್ಲಿ ದ್ರಾಕ್ಷಿ ನೆಟ್ಟಳು. ಊರವರೆಲ್ಲ ನಕ್ಕರಂತೆ. ನೆಟ್ಟ ಮೊದಲ ಬಳ್ಳಿಗಳು ಕೊಳೆತುಹೋದವು. ಮತ್ತೆ ನೆಟ್ಟಳು. ಹಣ್ಣು ಬಂದಾಗ ಹಕ್ಕಿಗಳು ತಿಂದವು. ಬಲೆ ಹಾಕಿದಳು. ಕೆಲವು ವರ್ಷ ಬಿಸಿಲೇ ಬರುವುದಿಲ್ಲ, ಆ ವರ್ಷ ವೈನೂ ಇಲ್ಲ. "ಹಾಗಾದ್ರೆ ಯಾಕೆ ಮಾಡ್ತೀರಿ?" ಎಂದು ನನ್ನ ಗಂಡ ಕೇಳಿದ. ಅವಳು ಭುಜ ಕುಣಿಸಿ, "ಬಿಸಿಲು ಬಂದ ವರ್ಷ ನೀನು ಇಲ್ಲಿರಬೇಕು ಕಣಪ್ಪ" ಎಂಬಂತೆ ಏನೋ ಹೇಳಿದಳು.

ಅತ್ತೆ ಬಳ್ಳಿಯ ಸಾಲಿನ ನಡುವೆ ನಡೆದು ಹೋಗಿ, ಎಲೆಯನ್ನು ಬದಿಗೆ ಸರಿಸಿ, ಗೊಂಚಲನ್ನು ಅಂಗೈಯಲ್ಲಿಟ್ಟು ನೋಡಿದರು. ಬಟಾಣಿಯಷ್ಟು ಸಣ್ಣ, ಹಸಿರು, ಗಟ್ಟಿ ಕಾಯಿ. ಅವಳು ಹಿಂದಿನಿಂದ ಬಂದು ಒಂದೊಂದೇ ತೋರಿಸತೊಡಗಿದಳು. ಈ ಎಲೆಯನ್ನು ಯಾಕೆ ಕೀಳಬೇಕು, ಈ ಕುಡಿಯನ್ನು ಎಲ್ಲಿ ಚಿವುಟಬೇಕು, ಚಳಿಗಾಲದಲ್ಲಿ ಬಳ್ಳಿಯನ್ನು ಎಷ್ಟು ಮೊಂಡು ಮಾಡಿ ಬಿಡುತ್ತೇವೆ. ಇವರು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ. ನಡುವೆ ಎರಡೂ ಕಡೆಯಿಂದ ಕೈಸನ್ನೆ. ನಾನು ಅನುವಾದ ಮಾಡಲು ಹೋದರೆ ಅತ್ತೆ "ಗೊತ್ತಾಯ್ತು ಬಿಡು" ಎಂದು ಸುಮ್ಮನಾಗಿಸಿದರು. ಅವರ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ಊಟ ಬಂತು. ಅಂದೇ ಅಗೆದು ಬೇಯಿಸಿದ ಸಣ್ಣ ಆಲೂಗಡ್ಡೆ, ಮೇಲೆ ಕರಗುತ್ತಿರುವ ಬೆಣ್ಣೆ, ಪುದೀನ. ಅವಳೇ ಸುಟ್ಟ ಬ್ರೆಡ್ಡು, ಗಾಜಿನ ಮನೆಯ ಟೊಮ್ಯಾಟೊ, ಮೇಕೆ ಹಾಲಿನ ಚೀಸು, ಬೀಟ್‌ರೂಟಿನ ಸಿಹಿ ಉಪ್ಪಿನಕಾಯಿಯಂಥದ್ದು. "ಮಾಂಸ ಮೊಟ್ಟೆ ಯಾವುದೂ ಮುಟ್ಟಿಸಿಲ್ಲ, ಪಾತ್ರೆಯೂ ಬೇರೆ" ಎಂದು ಅವಳು ಎರಡು ಸಲ ಹೇಳಿದಳು. ಫೋನಿನಲ್ಲಿ ನಾನು ಹೇಳಿದ್ದನ್ನು ಅಷ್ಟು ಜೋಪಾನವಾಗಿ ನಡೆಸಿದ್ದಳು. ಒಂದೂವರೆ ವರ್ಷ ಮನೆಯವರನ್ನು ಬಿಟ್ಟು ಯಾರಿಗೂ ಅಡುಗೆ ಮಾಡಿ ಹಾಕಿಲ್ಲ, ಕೈ ಮರೆತುಹೋಗಿದೆಯೋ ಏನೋ ಎಂದು ಹೆದರುತ್ತಿದ್ದೆ ಎಂದಳು. ಅತ್ತೆ ಮೊದಲ ಆಲೂಗಡ್ಡೆ ಬಾಯಿಗಿಟ್ಟು, ಕಣ್ಣರಳಿಸಿ, ಅವಳ ಕಡೆ ನೋಡಿ, ಅಲ್ಲಿಯತನಕ ಆಡದಿದ್ದ ಇಂಗ್ಲಿಷಿನಲ್ಲಿ ಒಂದೇ ಒಂದು ಮಾತು ಹೇಳಿದರು: "ಗ್ರ್ಯಾಂಡ್!" ಅವಳು ಗಹಗಹಿಸಿ ನಕ್ಕಳು. ಇಲ್ಲಿಯವರು 'ಚೆನ್ನಾಗಿದೆ' ಎನ್ನಲು ಬಳಸುವ ಈ ಪದವನ್ನು ಎಲ್ಲಿ ಕಲಿತಿರಿ ಎಂದರೆ, ಪೋಸ್ಟ್‌ಮ್ಯಾನ್ ದಿನಾ ಹೇಳುತ್ತಾನಲ್ಲ ಎಂದರು.

ನನ್ನ ಗಂಡ ಡ್ರೈವ್ ಮಾಡಬೇಕಿದ್ದರಿಂದ ವೈನ್ ಮುಟ್ಟಲಿಲ್ಲ. ನನಗೆ ಒಂದು ಸಣ್ಣ ಗ್ಲಾಸಿನಲ್ಲಿ ಕೆಂಪು ವೈನ್ ಬಂತು. ಅತ್ತೆಯ ಎದುರಿಗೆ ಕುಡಿಯಲು ಮುಜುಗರವಾಗಿ ಪಕ್ಕಕ್ಕೆ ಸರಿಸಿಟ್ಟೆ.

ಅತ್ತೆ ಗ್ಲಾಸನ್ನೇ ನೋಡುತ್ತಿದ್ದರು. "ರೋಮನರ ವ್ಯಾಪಾರದ ಮುಖ್ಯ ಸರಕುಗಳು ಯಾವುವು? ದ್ರಾಕ್ಷಾರಸ, ಆಲಿವ್ ಎಣ್ಣೆ, ಗಾಜು" ಎಂದು ಪರೀಕ್ಷೆಯ ಉತ್ತರದ ಹಾಗೆ ಒಪ್ಪಿಸಿ, "ಇಷ್ಟು ವರ್ಷ ಬರೆಸಿದೀನಿ. ಇದರ ವಾಸನೆ ಹೆಂಗಿರುತ್ತೆ ಅಂತಾನೂ ಗೊತ್ತಿಲ್ಲ. ಕೊಡು ಇಲ್ಲಿ" ಎಂದರು.

ಮೊದಲು ಮೂಸಿದರು. ಬಿಸಿಲಿಗೆ ಹಿಡಿದು ಬಣ್ಣ ನೋಡಿದರು. ಆಮೇಲೆ, ನಾನಾಗಲಿ ಅವರ ಮಗನಾಗಲಿ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ, ತೀರ್ಥ ತೆಗೆದುಕೊಂಡ ಹಾಗೆ ಒಂದು ಚೂರು ನಾಲಗೆಗೆ ಮುಟ್ಟಿಸಿಕೊಂಡರು. ಮುಖ ಕಿವುಚಿತು. "ಬೆಲ್ಲ ಹಾಕೋದು ಮರೆತ ಹುಣಸೆ ಗೊಜ್ಜು!" ಎಂದರು. ನನ್ನ ಗಂಡ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಳೆಗಾರ್ತಿ ಏನೆಂದರು ಎಂದು ಕೇಳಿದಳು. ನಾನು ಹೆದರುತ್ತಲೇ ಅನುವಾದಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ನಿಜ. ಆ ವರ್ಷ ಬಿಸಿಲು ಸಾಲಲಿಲ್ಲ. ಅಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ" ಎಂದಳು.

ಅತ್ತೆ ಗ್ಲಾಸು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಎದ್ದೇಬಿಟ್ಟರು. "ಗಾಳಿ ಇಲ್ಲದ ಜಾಗ ಇದ್ಯಾ ಕೇಳು ಇವರನ್ನ. ಪಾಠ ಈಗಲೇ ಮಾಡಬೇಕು."

ನಾನು ವಿಷಯವನ್ನೆಲ್ಲ ವಿವರಿಸಿದೆ. ಊರಿನ ಶಾಲೆ, ಮುಚ್ಚಿದ ಬಾಗಿಲು, ಮಕ್ಕಳು, ಡ್ರಮಾನಾದ ಗಾಳಿ. ಅವಳು ಪೂರ್ತಿ ಕೇಳಲೂ ಇಲ್ಲ. ಅತ್ತೆಯನ್ನು ಗಾಜಿನ ಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಎಳೆದು, ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಮೇಲೆ ಚೀಲ ಹಾಸಿದಳು. ಒಳಗೆ ಬೆಚ್ಚಗಿತ್ತು, ಟೊಮ್ಯಾಟೊ ಗಿಡದ ಘಾಟು ವಾಸನೆ. ಗಾಳಿ ಹೊರಗೇ ಉಳಿಯಿತು. ಇನ್ನೊಂದು ಮೇಜಿನವರಿಗೆ ಚಹಾ ಕೊಡುವುದಿದ್ದರೂ ಅವಳು ಹೋಗಲಿಲ್ಲ. ಬಾಗಿಲಲ್ಲಿ ನಿಂತು, ತನ್ನ ನಾಯಿಯ ಕುತ್ತಿಗೆಪಟ್ಟಿ ಹಿಡಿದುಕೊಂಡಳು.

ದಿಬ್ಬದ ಮೇಲೆ ಹೇಳಿದ್ದನ್ನೇ ಅತ್ತೆ ಮತ್ತೆ ಹೇಳುತ್ತಾರೆ ಅಂದುಕೊಂಡಿದ್ದೆ. ಆದರೆ ಅವರು ಆ ಪಾಠವನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟಿದರು. ಈ ಸಲ ಶುರುವಾಗಿದ್ದು ಒಂದು ಬಳ್ಳಿಯಿಂದ. ಬಿಸಿಲಿನ ನಾಡಿನ ಬಳ್ಳಿ, ಅದನ್ನು ರೋಮನರು ಹೋದಲ್ಲೆಲ್ಲ ಹೊತ್ತುಕೊಂಡು ಹೋದದ್ದು, ಅದರ ರಸವನ್ನು ಜಾಡಿಗಳಲ್ಲಿ ತುಂಬಿ ಹಡಗೇರಿಸಿದ್ದು, ಆ ಹಡಗು ನಮ್ಮ ಪಡುವಣ ಕರಾವಳಿಗೂ ಬಂದು ಮೆಣಸು ತುಂಬಿಕೊಂಡು ಹೋದದ್ದು. "ಆ ರಸ ಸಿಹಿಯಾಗಿರ್ತಿತ್ತು ಅಂದ್ಕಂಡಿದ್ದೆ ನಾನು. ಇಲ್ಲ ಮಕ್ಕಳೇ, ಹುಳಿ. ಹೆಂಗೆ ಗೊತ್ತು ಅಂತ ಮಾತ್ರ ಕೇಳಬೇಡಿ" ಎಂದರು. ಆಮೇಲೆ ಡ್ರಮಾನಾದ ಕಂದಕ, ಚಂದ್ರವಳ್ಳಿಯ ನಾಣ್ಯ. ದಿಬ್ಬದ ಮೇಲೆ ಅವರ ಧ್ವನಿ ಏರಿತ್ತು. ಇಲ್ಲಿ ಪಕ್ಕದಲ್ಲಿ ಕೂತ ಮಗುವಿನ ಕಿವಿಗೆ ಹೇಳುವಷ್ಟು ಮೆಲ್ಲಗಿತ್ತು. ಕೊನೆಗೆ, ರೋಮನರು ಈ ದೇಶವನ್ನು ಗೆದ್ದರೇ ಎಂದು ತಾವೇ ಕೇಳಿ, "ಇಲ್ಲ. ಬಂದ್ರೋ ಇಲ್ವೋ ಅನ್ನೋದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದೂ ಇತಿಹಾಸಾನೇ" ಎಂದು ಮುಗಿಸಿದರು. ಅಷ್ಟರಲ್ಲಿ ನಾಯಿ ಎರಡು ಸಲ ಬೊಗಳಿತು.

ಬೆಳೆಗಾರ್ತಿಯ ಕಣ್ಣು ತುಂಬಿತ್ತು. "ರೋಮ್, ಐರ್ಲೆಂಡ್, ಇವೆರಡೇ ನನಗೆ ತಿಳಿದದ್ದು. ನಮ್ಮ ಬಗ್ಗೆ ಏನು ಹೇಳಿದರು?" ಎಂದು ನನ್ನನ್ನು ಕೇಳಿದಳು.

"ರೋಮನರ ಕೈಗೆ ಸಿಗದ ನೆಲದಲ್ಲಿ ಈಯಮ್ಮ ಅವರ ಬಳ್ಳಿ ಬೆಳೆಸಿದಾರೆ ಅಂದೆ ಅಂತ ಹೇಳು" ಎಂದರು ಅತ್ತೆ. ನಾನು ಹೇಳಿದೆ. ಅವಳು ಅತ್ತೆಯ ಕೈ ಹಿಡಿಯಲು ಮುಂದೆ ಬಂದು, ಇದು ಸೋಂಕಿನ ಕಾಲವೆಂದು ನೆನಪಾಗಿ, ಎರಡು ಹೆಜ್ಜೆ ದೂರದಲ್ಲೇ ನಿಂತಳು. ಅತ್ತೆ ಕೈ ಮುಗಿದರು. ಅವಳೂ ಮುಗಿದಳು.

ಪಾಠವನ್ನು ಕಾರಿನಲ್ಲೇ ಕೇಳಿದೆವು. ಒಂದೊಂದು ಅಕ್ಷರವೂ ಸ್ಪಷ್ಟ. ಅಲ್ಲಿಂದಲೇ ಕಳಿಸಿದರು.

ಮರುದಿನ ಭಾನುವಾರ ಬೆಳಿಗ್ಗೆ ಅತ್ತೆಯ ಫೋನಿಗೆ ಮಕ್ಕಳ ಧ್ವನಿಗಳು ಒಂದರ ಹಿಂದೊಂದು ಬಂದು ಬೀಳತೊಡಗಿದವು. ನಾವು ಮೂವರೂ ಅಡುಗೆಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೇಳಿದೆವು. "ಮೇಡಂ, ಕೊನೇಲಿ ಬೊಗಳಿದ್ದು ಐರ್ಲೆಂಡ್ ನಾಯಿನಾ? ನಮ್ಮ ನಾಯಿ ಥರಾನೇ ಬೊಗಳುತ್ತೆ!" ಎಂದಿತು ಒಂದು ಧ್ವನಿ. ಒಬ್ಬ, ಚಂದ್ರವಳ್ಳಿಯಲ್ಲಿ ಅಗೆದರೆ ಈಗಲೂ ನಾಣ್ಯ ಸಿಗುತ್ತದೆಯೇ ಎಂದು ಕೇಳಿದ್ದ. "ಅಗೆದ್ರೆ ಪೊಲೀಸ್ನೋರು ಸಿಗ್ತಾರೆ" ಎಂದು ಅತ್ತೆ ಉತ್ತರಿಸಿದರು. ಇನ್ನೊಬ್ಬ ಹುಡುಗ ಕೇಳಿದ್ದ, "ರೋಮನರು ಐರ್ಲೆಂಡಿಗೆ ಬಂದಿದ್ದು ಗೊತ್ತಿಲ್ಲ ಅಂದ್ರೆ ಆ ನಾಣ್ಯ ಯಾರು ತಂದ್ರು ಮೇಡಂ?"

ಅತ್ತೆಗೆ ಖುಷಿಯೋ ಖುಷಿ. ತಟ್ಟೆ ಪಕ್ಕಕ್ಕಿಟ್ಟು ಎಲ್ಲರಿಗೂ ಸೇರಿಸಿ ಹೇಳಿದರು: "ಒಳ್ಳೇ ಪ್ರಶ್ನೆ. ವ್ಯಾಪಾರಿಗಳು ತಂದಿರಬಹುದು. ರೋಮನರಿಗೆ ಹೆದರಿ ಬ್ರಿಟನ್ನಿಂದ ಓಡಿ ಬಂದೋರು ತಂದಿರಬಹುದು. ಇಲ್ಲಿಯೋರೇ ಅಲ್ಲಿಗೆ ಹೋಗಿ ದುಡಿದು ತಂದಿರಬಹುದು. ನಿಮಗೇನನ್ಸುತ್ತೆ? ಯೋಚನೆ ಮಾಡಿ ಹೇಳಿ."

ಸಂಜೆಯ ಹೊತ್ತಿಗೆ ಹಲವು ಉತ್ತರ ಬಂದವು. ಕಳ್ಳರು, ಸೈನಿಕರು, ದೋಣಿ ಮುಳುಗಿದವರು. ಅದರಲ್ಲಿ ಒಂದು ಹುಡುಗಿಯದು ತೀರಾ ಸಣ್ಣ ಧ್ವನಿ, ಹಿಂದೆ ಎಲ್ಲೋ ಪಾತ್ರೆ ತೊಳೆಯುವ ಸದ್ದು. "ಮೇಡಂ, ಒಂದು ಹುಡುಗೀನ ಸಮುದ್ರದ ಆಚೆಯಿಂದ ಅಲ್ಲಿಗೆ ಮದುವೆ ಮಾಡಿ ಕೊಟ್ಟಿರಬಹುದು. ಆ ಹುಡುಗಿ ಅವಳ ತವರಿಂದ ತಂದಿರ್ತಾಳೆ."

ಅತ್ತೆ ಅದನ್ನು ಮತ್ತೊಮ್ಮೆ ಹಾಕಿ ಕೇಳಿದರು. ನನ್ನ ಕಡೆ ತಿರುಗಿ, "ಇಷ್ಟು ವರ್ಷ ಪಾಠ ಮಾಡಿದೀನಿ, ಇದು ನನಗೆ ಹೊಳೀಲೇ ಇಲ್ಲ ನೋಡಮ್ಮ" ಎಂದರು. ಆಮೇಲೆ ಫೋನು ಹಿಡಿದು, ಆ ಹುಡುಗಿಯ ಹೆಸರು ಹೇಳಿ ಕರೆದು, ಅವಳಿಗೆ ಉತ್ತರ ಹೇಳಲು ಕೂತರು.